ಕೀಟನಾಶಕ ಸೇವಿಸಿದ ಹದಿಹರೆಯದವರು: ತುರ್ತು ಘಟಕದಲ್ಲಿ ತೀವ್ರತೆಯನ್ನು ಅಳೆಯುವ ಬಗೆ

ಹದಿನಾರರ ಹುಡುಗಿಯೊಬ್ಬಳನ್ನು ತುರ್ತು ಘಟಕಕ್ಕೆ ಎತ್ತಿಕೊಂಡು ಬರುವ ಮನೆಯವರು ಸಾಮಾನ್ಯವಾಗಿ ಹೇಳುವುದು ‘ಔಷಧಿ ಕುಡಿದಿದ್ದಾಳೆ’ ಎಂದಷ್ಟೇ. ಆ ಔಷಧಿ ಬೆಳೆಗೆ ಹೊಡೆಯುವ ಆರ್ಗನೋಫಾಸ್ಫರಸ್ ಕೀಟನಾಶಕವಿರಬಹುದು, ಕಳೆನಾಶಕವಿರಬಹುದು, ಇಲಿ ಪಾಷಾಣವೂ ಇರಬಹುದು. ಒಂದೊಂದರ ಚಿಕಿತ್ಸೆಯೂ ಬೇರೆ. ಡಬ್ಬಿಯ ಮೇಲಿನ ಚೀಟಿಯ ಫೋಟೋ ತರಿಸಿಕೊಳ್ಳಬೇಕು, ಆದರೆ ಅದು ಬರುವವರೆಗೆ ಉಸಿರಾಟದ ಆರೈಕೆ ಕಾಯಬಾರದು. ದಾರಿಯಲ್ಲಿ ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಿದರೇ ಎಂದೂ ಕೇಳಬೇಕು. ವಾಂತಿ ಶ್ವಾಸಕೋಶಕ್ಕೆ ಇಳಿದಿದ್ದರೆ ಮುಂದಿನ ಲೆಕ್ಕವೇ ಬದಲಾಗುತ್ತದೆ. ಶ್ವಾಸನಾಳವನ್ನು ಭದ್ರಪಡಿಸಿ, ಬಟ್ಟೆ ತೆಗೆಸಿ, ಕೈಗವಸು ತೊಟ್ಟು ಚರ್ಮವನ್ನು ಸೋಪು ನೀರಿನಿಂದ ತೊಳೆಯುವುದು ಮೊದಲ ಕೆಲಸ.

ಆರ್ಗನೋಫಾಸ್ಫರಸ್ ವಿಷಕ್ಕೆ ಶ್ರೀಲಂಕಾದ ಪೆರಾದೆನಿಯ ಮಾಪಕ ನಮ್ಮ ಆಸ್ಪತ್ರೆಗಳಿಗೂ ಹೊಂದುತ್ತದೆ, ಏಕೆಂದರೆ ಅದಕ್ಕೆ ಪ್ರಯೋಗಾಲಯ ಬೇಕಿಲ್ಲ. ಕಣ್ಣಿನ ಪಾಪೆಯ ಗಾತ್ರ, ಉಸಿರಾಟದ ವೇಗ, ನಾಡಿ, ಸ್ನಾಯುಗಳ ಅದುರುವಿಕೆ ಮತ್ತು ಪ್ರಜ್ಞೆಗೆ ತಲಾ 0ಯಿಂದ 2, ಸೆಳವಿಗೆ 0 ಅಥವಾ 1 ಅಂಕ. ಒಟ್ಟು 0–3 ಸೌಮ್ಯ, 4–7 ಮಧ್ಯಮ, 8–11 ತೀವ್ರ. ಜೊತೆಗೆ ಪ್ರಜ್ಞೆಯ ಮಟ್ಟವನ್ನು 3ರಿಂದ 15ರವರೆಗೆ ಅಳೆಯುವ ಗ್ಲಾಸ್ಗೋ ಕೋಮಾ ಅಂಕವನ್ನೂ ಬರೆದಿಡಬೇಕು. ಅದು 13ಕ್ಕಿಂತ ಕೆಳಗಿದ್ದರೆ ರೋಗಿಯನ್ನು ತೀವ್ರ ನಿಗಾ ಘಟಕಕ್ಕೆ ಸೇರಿಸುವುದೇ ಸರಿ.

ಈ ಅಂಕಗಳು ತಪ್ಪು ದಾರಿಗೆಳೆಯುವುದು ಹೆಚ್ಚಾಗಿ ಈ ವಿಷದ ಪ್ರತಿವಿಷವಾದ ಅಟ್ರೋಪಿನ್ ಕೊಟ್ಟ ಮೇಲೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದೆರಡು ಡೋಸ್ ಪಡೆದು ಬಂದವರ, ವಿಷದಿಂದ ಕುಗ್ಗಿದ್ದ ಪಾಪೆ ಹಿಗ್ಗಿ, ನಿಧಾನವಾಗಿದ್ದ ನಾಡಿ ಏರಿ, ಅಂಕ ಕಡಿಮೆ ತೋರುವುದರಿಂದ, ಕಳುಹಿಸುವ ವೈದ್ಯರು ಅಟ್ರೋಪಿನ್‌ನ ಪ್ರಮಾಣ ಮತ್ತು ಸಮಯವನ್ನು ಚೀಟಿಯಲ್ಲಿ ಬರೆಯಲೇಬೇಕು. ಅಟ್ರೋಪಿನ್ ಇಲ್ಲದೆಯೂ ವಿಷದ ನಿಕೋಟಿನಿಕ್ ಪರಿಣಾಮದಿಂದ (ನಿಕೋಟಿನ್‌ನಂತೆ ನರಗಳನ್ನು ಕೆರಳಿಸುವುದರಿಂದ) ನಾಡಿ ವೇಗವಾಗಿರಬಹುದು. ಎದೆಯಲ್ಲಿ ಕಫದ ಸದ್ದಿರುವಾಗ ವೇಗದ ನಾಡಿಯನ್ನು ಕಂಡು ಅಟ್ರೋಪಿನ್ ತಡೆಯುವುದು ಗಂಭೀರ ತಪ್ಪು. ಮಕ್ಕಳಿಗೆ ಪ್ರತಿ ಕಿಲೋಗ್ರಾಂ ತೂಕಕ್ಕೆ 0.02ರಿಂದ 0.05 ಮಿಲಿಗ್ರಾಂನಿಂದ ಆರಂಭಿಸಿ, ಐದೈದು ನಿಮಿಷಕ್ಕೊಮ್ಮೆ ಇಮ್ಮಡಿಸುತ್ತಾ, ಎದೆ ಸ್ವಚ್ಛವಾಗಿ, ಕಂಕುಳು ಒಣಗಿ, ನಾಡಿ ಮತ್ತು ರಕ್ತದೊತ್ತಡ ಸುಧಾರಿಸುವವರೆಗೆ ಮುಂದುವರಿಸಬೇಕು. ಜ್ವರ, ಕಳವಳ, ಕರುಳಿನ ಸದ್ದು ನಿಲ್ಲುವುದು ಅಟ್ರೋಪಿನ್ ಅತಿಯಾದದ್ದರ ಸೂಚನೆ. ಈ ವಿಷ ಕುಂದಿಸುವ ಕೋಲಿನೆಸ್ಟರೇಸ್ ಕಿಣ್ವದ ರಕ್ತವರದಿ, ವಿಷ ದೇಹಕ್ಕೆ ಸೇರಿದ್ದನ್ನು ದೃಢಪಡಿಸಬಲ್ಲುದು; ಒಂದೇ ವರದಿಯ ಅಂಕಿಯಿಂದ ತೀವ್ರತೆಯನ್ನು ತೀರ್ಮಾನಿಸಲಾಗದು.

ಎರಡನೆಯ ದಿನ ಎದ್ದು ಕೂತು ಮಾತನಾಡುವ ಹುಡುಗನನ್ನು ವಾರ್ಡಿಗೆ ಕಳುಹಿಸುವ ಅವಸರ ಬೇಡ. ಇಪ್ಪತ್ತನಾಲ್ಕರಿಂದ ತೊಂಬತ್ತಾರು ಗಂಟೆಗಳ ನಡುವೆ ಕತ್ತು ಮತ್ತು ಉಸಿರಾಟದ ಸ್ನಾಯುಗಳು ಸೋಲುವ ಮಧ್ಯಂತರ ಲಕ್ಷಣಸಮೂಹ ಕಾಣಿಸಿಕೊಳ್ಳಬಹುದು. ಪ್ರತಿ ಪಾಳಿಯಲ್ಲೂ ದಿಂಬಿನಿಂದ ತಲೆ ಎತ್ತಲು ಹೇಳಬೇಕು, ಒಂದೇ ಉಸಿರಿನಲ್ಲಿ ಎಷ್ಟು ಎಣಿಸುತ್ತಾನೆಂದು ಬರೆದಿಡಬೇಕು. ಆ ಎಣಿಕೆ ಇಳಿಯುತ್ತಾ ಬಂದರೆ ವೆಂಟಿಲೇಟರ್ ಸಿದ್ಧವಿರಬೇಕು. ಕಳೆನಾಶಕಗಳಲ್ಲಿ ಮೂತ್ರಪಿಂಡ ಮತ್ತು ಶ್ವಾಸಕೋಶದ ತೊಂದರೆ ತಡವಾಗಿ ಬರಬಹುದಾದ್ದರಿಂದ, ಮೊದಲ ದಿನ ಚೆನ್ನಾಗಿ ಕಂಡವರನ್ನೂ ಮನೆಗೆ ಕಳುಹಿಸಬಾರದು.

ಪ್ರಜ್ಞೆ ತಿಳಿಯಾದ ಮೇಲೆ ತಂದೆತಾಯಿಯರನ್ನು ಹೊರಗೆ ಕೂರಿಸಿ ಹುಡುಗಿಯೊಡನೆ ಒಂಟಿಯಾಗಿ ಮಾತನಾಡಬೇಕು. ಪರೀಕ್ಷೆಯ ಫಲಿತಾಂಶ, ಮನೆಯ ಬೈಗುಳ ಎಂದು ಎಲ್ಲರೆದುರು ಹೇಳಿದ ಕಾರಣದ ಹಿಂದೆ ಲೈಂಗಿಕ ದೌರ್ಜನ್ಯವೋ ಬಲವಂತದ ಮದುವೆಯೋ ಇರಬಹುದು. ಮತ್ತೆ ಅಂಥ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಪೊಲೀಸ್ ಕೇಸಿನ ಭಯದಿಂದ ವಿಷಯ ಮುಚ್ಚಿಡುವ ಮನೆಯವರಿಗೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮು ಇಂಥ ಯತ್ನವನ್ನು ತೀವ್ರ ಒತ್ತಡದ ಫಲವೆಂದೇ ಭಾವಿಸುತ್ತದೆ ಎಂದು ತಿಳಿಸಬೇಕು.

ಬಿಡುಗಡೆಗೆ ಮುನ್ನ ಮನೋವೈದ್ಯಕೀಯ ತಪಾಸಣೆ ಆಗಿರಬೇಕು. ಕೀಟನಾಶಕ ಮನೆಯಲ್ಲಿ ಇನ್ನು ಕೈಗೆಟುಕದಂತೆ ಯಾರು ವ್ಯವಸ್ಥೆ ಮಾಡುತ್ತಾರೆ ಎಂಬುದು ಗೊತ್ತಾಗಿರಬೇಕು. ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಮಗುವಿಗೂ ಪೋಷಕರಿಗೂ ಬರೆದುಕೊಡಬೇಕು. ಎರಡು-ಮೂರು ವಾರಗಳಲ್ಲಿ ಕೈಕಾಲು ನರಗಳ ದೌರ್ಬಲ್ಯ ಕಾಣಿಸಿಕೊಳ್ಳಬಹುದಾದ್ದರಿಂದ ಆ ಹೊತ್ತಿಗೊಂದು ಮರುಭೇಟಿ ಹೇಗೂ ಬೇಕು. ಪಾದದ ಶಕ್ತಿಯನ್ನು ನೋಡುವ ಆ ದಿನವೇ ನಿದ್ರೆ, ಶಾಲೆ, ಮನಸ್ಸಿನ ಸ್ಥಿತಿಯನ್ನೂ ವಿಚಾರಿಸಿ ಅದೇ ಕೇಸ್ ಶೀಟಿನಲ್ಲಿ ದಾಖಲಿಸಬೇಕು.