ಅಮೆರಿಕದಲ್ಲಿ ಸಹಿ ಕೇಳಿದರೆ ಏನು ಮಾಡಬೇಕು?

ಕ್ಯಾಲಿಫೋರ್ನಿಯಾದ ಅಂಗಡಿಯಿಂದ ತರಕಾರಿ ಚೀಲ ಹಿಡಿದು ಹೊರಬರುತ್ತೀರಿ. ಬಾಗಿಲ ಪಕ್ಕ ಒಂದು ಮಡಚುವ ಮೇಜು, ಮೂರ್ನಾಲ್ಕು ಪ್ಯಾಡು. ‘ಇಲ್ಲಿನ ವೋಟರಾ? ಒಂದು ಸಹಿ ಹಾಕ್ತೀರಾ?’ ಶಾಸಕರನ್ನು ಕಾಯದೆ ಜನರೇ ಕಾನೂನೊಂದನ್ನು ಮತಕ್ಕೆ ಇಡುವ ಪದ್ಧತಿ ಇದು. ಅಲ್ಲಿ 1911ರಿಂದ ಇದೆ.

ಮೊದಲು, ನಿಮಗೆ ಹಕ್ಕಿದೆಯಾ ನೋಡಿ. ಗ್ರೀನ್ ಕಾರ್ಡ್ ಸಾಲದು, ಪೌರತ್ವ ಬೇಕು. ಸಂಕೋಚಕ್ಕೆ ಬಿದ್ದು ಸಹಿ ಹಾಕಬೇಡಿ. ಮತದಾರರ ನೋಂದಣಿ ಫಾರಂ ಅಂತೂ ಮುಟ್ಟಲೇಬೇಡಿ. ಪೌರರಲ್ಲದವರು ಅದನ್ನು ತುಂಬಿದರೆ ಗಡೀಪಾರಿನವರೆಗೂ ಹೋಗಬಹುದು.

ಪೌರರೇ, ಆದರೆ ಪಟ್ಟಿಯಲ್ಲಿ ಹೆಸರಿಲ್ಲವಾ? ಅದೇ ದಿನ ಫಾರಂ ತುಂಬಿ ಸಹಿ ಹಾಕಬಹುದು. ಆದರೆ ಸಹಿಗಳಿರುವ ಅರ್ಜಿ ಸಲ್ಲಿಕೆಯಾಗುವುದರೊಳಗೆ ಫಾರಂ ಕೌಂಟಿ (ಅಲ್ಲಿನ ಜಿಲ್ಲೆ) ಚುನಾವಣಾ ಕಚೇರಿಗೆ ತಲುಪಿರಬೇಕು. ಸಹಿ ಅಭಿಯಾನಕ್ಕೂ ಮತದಾನಕ್ಕೂ ನೇರ ನಂಟು ಬೀಳುವುದು ಇಲ್ಲೇ. ಸಹಿಗೆ ಬಂದವರು ವೋಟರ್ ಆಗಿ ಹೋಗುತ್ತಾರೆ.

ಆಮೇಲೆ ಅರ್ಜಿಯಲ್ಲಿರುವ ಪ್ರಸ್ತಾವದ ಸಾರಾಂಶ ಓದಿ. ಅದನ್ನು ಬರೆಯುವುದು ಅಟಾರ್ನಿ ಜನರಲ್ ಕಚೇರಿ. ಮೇಜಿನವರ ಮಾತಿಗಿಂತ ಅದನ್ನೇ ನಂಬಿ. ಸಹಿ ಕೇಳುವವರು ಸಂಬಳದವರಾ, ಸ್ವಯಂಸೇವಕರಾ ಎಂದೂ ಕೇಳಿ. ಕೇಳುವ ಹಕ್ಕು ನಿಮಗಿದೆ ಎಂದು ಅರ್ಜಿಯ ಮೇಲೇ ಅಚ್ಚಾಗಿರುತ್ತದೆ. ಕಾನೂನಿಗಾದರೆ 5,46,651 ಸಹಿ, ಸಂವಿಧಾನ ತಿದ್ದುಪಡಿಗೆ 8,74,641. ಇದು 2022ರ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ 5 ಮತ್ತು ಶೇ 8ರ ಲೆಕ್ಕ. ಸಹಿ ಸಂಗ್ರಹಿಸಲು ಅವಧಿ 180 ದಿನ. ಹೀಗಾಗಿ ಹೆಚ್ಚಿನವರು ದುಡ್ಡು ಕೊಟ್ಟೇ ಸಹಿ ತರಿಸುತ್ತಾರೆ.

ದುಡ್ಡಿನ ಸಹಿ ಮತಗಟ್ಟೆಗೆ ಜನರನ್ನು ತರುತ್ತದಾ? ನನಗೆ ಅನುಮಾನ. ಅರ್ಧ ನಿಮಿಷದ ಸಹಿ ನವೆಂಬರ್ ಮತದಾನದ ಹೊತ್ತಿಗೆ ಮರೆತೇ ಹೋಗಿರುತ್ತದೆ. ನೆರೆಮನೆಯವರೇ ಬಂದು ಮಾತಾಡಿದರೆ ಬೇರೆ. ಮಿಷಿಗನ್‌ನಲ್ಲಿ ಒಂದು ಫೇಸ್‌ಬುಕ್ ಪೋಸ್ಟ್‌ನಿಂದ ಶುರುವಾದ ಕ್ಷೇತ್ರ ಮರುವಿಂಗಡಣೆ ಅಭಿಯಾನಕ್ಕೆ ಸ್ವಯಂಸೇವಕರು ನಾಲ್ಕು ಲಕ್ಷಕ್ಕೂ ಜಾಸ್ತಿ ಸಹಿ ತಂದರು. ಬೇಕಿದ್ದದ್ದು 3,15,654. 2018ರಲ್ಲಿ ಅದು ಸುಮಾರು ಶೇ 61 ಮತ ಪಡೆದು ಗೆದ್ದಿತು. ಆ ವರ್ಷ ರಾಜ್ಯದಲ್ಲಿ ಮತದಾನವೂ 2014ಕ್ಕಿಂತ ಬಹಳ ಏರಿತು. ಆದರೆ ಪೂರ್ತಿ ಶ್ರೇಯ ಸಹಿಗೆ ಕೊಡಬೇಡಿ. ಆಗ ಇಡೀ ದೇಶದಲ್ಲೇ ಮತದಾನ ಏರಿತ್ತು, ಗಾಂಜಾ ಸಕ್ರಮ ಮಾಡಬೇಕಾ ಎಂಬ ಪ್ರಶ್ನೆಯೂ ಅದೇ ಮತಪತ್ರದಲ್ಲಿತ್ತು. ಅಧ್ಯಕ್ಷರ ಚುನಾವಣೆ ಇದ್ದರಂತೂ ಜನ ಹೇಗೂ ಬರುತ್ತಾರೆ, ಪ್ರಶ್ನೆಯ ಪ್ರಭಾವ ಗುರುತಿಸುವುದು ಇನ್ನೂ ಕಷ್ಟ.

ಫಲಿತಾಂಶ ಬಂದ ಮೇಲೆ ಒಂದು ಲೆಕ್ಕ ಮಾಡಿ. ಬಿದ್ದ ಒಟ್ಟು ಮತಪತ್ರಗಳಿಂದ ಆ ಪ್ರಶ್ನೆಯ ‘ಹೌದು’, ‘ಇಲ್ಲ’ ಎರಡನ್ನೂ ಕಳೆಯಿರಿ. ಉಳಿದವರಲ್ಲಿ ಹೆಚ್ಚಿನವರು ಮೇಲಿನ ಅಭ್ಯರ್ಥಿಗಳ ಹೆಸರುಗಳಿಗೆ ಗುರುತು ಹಾಕಿ, ಪ್ರಶ್ನೆಯನ್ನು ಸುಮ್ನೆ ಖಾಲಿ ಬಿಟ್ಟು ಮನೆಗೆ ಹೋದವರು.