ಎರಡು ವರ್ಷ ಒಳಗೇ ಇದ್ದ ಹಿರಿಯರನ್ನು ಮತ್ತೆ ಹೊರಗೆ ನಡೆಸುವುದು ಹೇಗೆ?

ಕೋವಿಡ್‌ನಿಂದಾಗಿ 2020 ಮತ್ತು 2021ರ ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಭಕ್ತರನ್ನು ಬಿಟ್ಟಿರಲಿಲ್ಲ. 2022ರಲ್ಲಿ ಬಿಟ್ಟರು, ಜನ ಕಿಕ್ಕಿರಿದು ಬಂದರು. ಅಂಥ ಒಂದು ಶುಕ್ರವಾರ ಸರದಿಯಲ್ಲಿ ನನ್ನ ಮುಂದೆ ಎಪ್ಪತ್ತೈದರ ಆಸುಪಾಸಿನ ಅಜ್ಜಿಯೊಬ್ಬರಿದ್ದರು. ತಡೆಗಂಬಿ ಹಿಡಿದುಕೊಂಡು, ಭಾರವನ್ನು ಆ ಕಾಲಿಗೊಮ್ಮೆ ಈ ಕಾಲಿಗೊಮ್ಮೆ ಬದಲಿಸುತ್ತಾ ನಿಂತಿದ್ದರು. ಮಗ ಪಾಪ, "ಇನ್ನೇನು ಬಂದೇಬಿಡ್ತು, ಸ್ವಲ್ಪ ತಡ್ಕೊಮ್ಮ" ಎನ್ನುತ್ತಲೇ ಇದ್ದರು. ಅಜ್ಜಿ ಹಾಗೇ ಕುಸಿದು ಕೂತರು. ನೀರು ಕುಡಿಸಿ, ಗಾಳಿ ಬೀಸಿ, ಬದಿಗೆ ಕರೆತಂದ ಮೇಲೆ ಮಗ ಹೇಳಿದ್ದು: "ಎರಡು ವರ್ಷದಿಂದ ಆಚೆಗೇ ಬಂದಿರಲಿಲ್ಲ. ಅದಕ್ಕೇ ಮೊದಲು ದೇವರ ಹತ್ರಾನೇ ಕರ್ಕೊಂಡು ಬಂದ್ವಿ."

ಇದೇ ತಪ್ಪನ್ನು ಆ ವರ್ಷದ ಮೊದಲ ಆರು ತಿಂಗಳಲ್ಲಿ ಎಷ್ಟೋ ಮನೆಗಳಲ್ಲಿ ನೋಡಿದೆ. ವಾರಾಂತ್ಯದ ಕರ್ಫ್ಯೂ 2022ರ ಜನವರಿಯಲ್ಲಿ ಹೋಯಿತು, ಮದುವೆಗಳು ಶುರುವಾದವು, ನಾವೆಲ್ಲ ಮೊದಲಿನಂತೆ ಓಡಾಡತೊಡಗಿದೆವು. ಮನೆಯ ಹಿರಿಯರೂ ಅದೇ ದಿನದಿಂದ ಮೊದಲಿನಂತೆ ಆಗಿಬಿಡುತ್ತಾರೆ ಎಂದುಕೊಂಡೆವು. "ಹೊರಗೆ ಹೋಗಬೇಡಿ" ಎಂದು ಎರಡು ವರ್ಷ ಅವರನ್ನು ಕೂರಿಸಿದವರು ನಾವೇ. ಹಾಲು, ಔಷಧಿ, ತರಕಾರಿ ಎಲ್ಲವನ್ನೂ ಬಾಗಿಲಿಗೆ ತರಿಸಿಕೊಟ್ಟೆವು. ಅಷ್ಟರಲ್ಲಿ ತೊಡೆಯ ಬಲ ಇಳಿದಿತ್ತು, ರಸ್ತೆಯ ಅಂದಾಜು ತಪ್ಪಿತ್ತು, ಜೊತೆಗೆ ಭಯ ಕೂತಿತ್ತು. ನಮ್ಮ ಅತ್ತೆಗೆ ಆಗ 74. ಅವರನ್ನು ಗೇಟಿನಾಚೆ ನಡೆಸಲು ನಮಗೆ ಹತ್ತು ವಾರ ಹಿಡಿಯಿತು. ಅದರಲ್ಲಿ ಕಲಿತದ್ದು ಇಲ್ಲಿದೆ.

ಮೊದಲು ಕುರ್ಚಿ

ರಸ್ತೆಯ ಯೋಚನೆಗೆ ಮುಂಚೆ, ಅವರು ಕುರ್ಚಿಯಿಂದ ಹೇಗೆ ಏಳುತ್ತಾರೆ ನೋಡಿ. ಕೈಯಿಲ್ಲದ, ನೆಲದಿಂದ ಸುಮಾರು 17 ಇಂಚು ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಟೈಲ್ಸ್ ಮೇಲೆ ಜಾರುತ್ತದೆ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಿ. ನೀವು ಪಕ್ಕದಲ್ಲೇ ನಿಂತಿರಿ. 70ರಿಂದ 79ರೊಳಗಿನ ಹೆಂಗಸರಿಗೆ 10ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. 70ರಿಂದ 74ರ ಗಂಡಸರಿಗೆ ಆ ಗೆರೆ 12. ಕೈ ಊರದೆ ಏಳಲಾಗದಿದ್ದರೆ ಲೆಕ್ಕ ಸೊನ್ನೆ. ನಮ್ಮ ಅತ್ತೆಯದು ಆರಕ್ಕೆ ನಿಂತಿತು. ಕೋವಿಡ್‌ಗೆ ಮುಂಚೆ ಇದೇ ಅತ್ತೆ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಡೆಯುತ್ತಿದ್ದರು.

ಕಡಿಮೆ ಬಂದರೆ ಹೆದರಬೇಡಿ, ಅದೇ ಪರೀಕ್ಷೆ ಅಭ್ಯಾಸವೂ ಆಗುತ್ತದೆ. ಹಿಮ್ಮಡಿಯನ್ನು ಕುರ್ಚಿಯ ಕಡೆಗೆ ಸ್ವಲ್ಪ ಎಳೆದುಕೊಳ್ಳಬೇಕು, ಮೂಗು ಕಾಲ್ಬೆರಳುಗಳ ನೇರಕ್ಕೆ ಬರುವಷ್ಟು ಮುಂದೆ ಬಾಗಬೇಕು, ಆಮೇಲೆ ಏಳಬೇಕು. ಬಹಳಷ್ಟು ಹಿರಿಯರು ಬೆನ್ನು ನೆಟ್ಟಗಿಟ್ಟುಕೊಂಡೇ ಏಳಲು ಹೋಗಿ ಹಿಂದಕ್ಕೆ ಬೀಳುತ್ತಾರೆ. ಕಷ್ಟವಾದರೆ ಕುರ್ಚಿಯ ಮೇಲೆ ದಪ್ಪ ಬೆಡ್‌ಶೀಟ್ ಮಡಿಸಿ ಹಾಕಿ ಎತ್ತರ ಮಾಡಿ, ಬಲ ಬಂದಂತೆ ಒಂದೊಂದೇ ಮಡಿಕೆ ಕಡಿಮೆ ಮಾಡಿ. ಬೆಳಗಿನ ಕಾಫಿಗೆ ಮುಂಚೆ ಐದು, ಊಟಕ್ಕೆ ಮುಂಚೆ ಐದು, ಸಂಜೆ ಧಾರಾವಾಹಿಗೆ ಮುಂಚೆ ಐದು. ಮೂರು ವಾರ ಇಷ್ಟೇ ಮಾಡಿ. ತಗ್ಗಿನ ಸೋಫಾದಲ್ಲಿ ಕೂರುವ ಅಭ್ಯಾಸವನ್ನು ಮೊದಲು ಬಿಡಿಸಿ.

ಎದ್ದಾಗ ತಲೆ ತಿರುಗುತ್ತದೆ ಎಂದರೆ ಅದನ್ನು ನಿಶ್ಶಕ್ತಿ ಎಂದು ತಳ್ಳಿಹಾಕಬೇಡಿ. ಐದು ನಿಮಿಷ ಮಲಗಿಸಿ ಬಿಪಿ ನೋಡಿ, ಎದ್ದು ನಿಂತ 1 ನಿಮಿಷಕ್ಕೆ ಮತ್ತು 3 ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ಹೇಳಿ. ಬಿಪಿ ಮಾತ್ರೆಯ ಪ್ರಮಾಣ ಹೆಚ್ಚಾಗಿರಲೂಬಹುದು, ಆಗ ಎಷ್ಟೋ ಜನ ಎರಡು ವರ್ಷದ ಹಳೇ ಚೀಟಿ ತೋರಿಸಿಯೇ ಮಾತ್ರೆ ತರಿಸಿಕೊಳ್ಳುತ್ತಿದ್ದರು. ಕೋವಿಡ್ ಬಂದು ಹೋದವರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದ್ಯಾವುದನ್ನೂ ಶುರು ಮಾಡಬಾರದು.

ಚಪ್ಪಲಿ, ಕನ್ನಡಕ, ಕೋಲು

ಗೂಡಿನಲ್ಲಿ ಎರಡು ವರ್ಷ ಕೂತ ಚಪ್ಪಲಿಯನ್ನು ನಂಬಬೇಡಿ. ಹಗುರವಾದ ಮೆತ್ತನೆಯ ಅಡಿ ಇರುವ ಚಪ್ಪಲಿಗಳು ಬಳಸದೆ ಇಟ್ಟರೆ ತೇವ ಹೀರಿ ಒಳಗೇ ಪುಡಿಯಾಗಿರುತ್ತವೆ, ಮೇಲೆ ನೋಡಿದರೆ ಹೊಸದರಂತೆಯೇ ಇರುತ್ತವೆ. ಅತ್ತೆಯ ಚಪ್ಪಲಿಯ ಹಿಮ್ಮಡಿ ವರಾಂಡದಲ್ಲೇ ರಸ್ಕಿನ ಹಾಗೆ ಉದುರಿತು. ಗೇಟಿನಾಚೆ ಆಗಿದ್ದರೆ ಬಿದ್ದೇ ಬಿಡುತ್ತಿದ್ದರು. ಹಿಂದೆ ಪಟ್ಟಿ ಇರುವ, ಅಡಿ ಗಟ್ಟಿಯಿರುವ ಹೊಸ ಜೋಡಿ ಕೊಡಿಸಿ. ಸಂಜೆ ಹೊತ್ತು ಪಾದ ಊದಿರುವಾಗ ಅಳತೆ ನೋಡಿ ಕೊಳ್ಳಿ. ಹವಾಯಿ ಚಪ್ಪಲಿಯಲ್ಲಿ ರಸ್ತೆಗೆ ಇಳಿಸಲೇಬೇಡಿ.

ಕಣ್ಣು ಪರೀಕ್ಷೆ ಮಾಡಿಸಿ. ಕೆಳಗೆ ಓದುವ ಗಾಜು ಇರುವ ಕನ್ನಡಕದಲ್ಲಿ ಮೆಟ್ಟಿಲಿಳಿಯುವಾಗ ನೆಲ ಮಸುಕಾಗಿ ಕಾಣುತ್ತದೆ, ಕತ್ತು ಬಗ್ಗಿಸಿ ಮೇಲಿನ ಗಾಜಿನಲ್ಲೇ ನೋಡಲು ಹೇಳಿ. ಸೀರೆ ಉಡುವವರಾದರೆ ನೆರಿಗೆಯನ್ನು ಎರಡು ಇಂಚು ಮೇಲಕ್ಕೆ ಸಿಕ್ಕಿಸಿ. ಇಲ್ಲದಿದ್ದರೆ ಒಂದು ಕೈ ನೆರಿಗೆ ಎತ್ತಿ ಹಿಡಿಯುವುದಕ್ಕೇ ಹೋಗುತ್ತದೆ.

ಕೋಲು ಬೇಕಾದವರಿಗೆ ಅಳತೆ ಮುಖ್ಯ. ಚಪ್ಪಲಿ ಹಾಕಿಕೊಂಡು ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು. ಎಡಮಂಡಿ ನೋವಿದ್ದರೆ ಕೋಲು ಬಲಗೈಯಲ್ಲಿ, ಬಲಮಂಡಿಯಾದರೆ ಎಡಗೈಯಲ್ಲಿ. ನೋವಿರುವ ಕಡೆಯೇ ಹಿಡಿಸುವುದು ಎಲ್ಲರೂ ಮಾಡುವ ತಪ್ಪು. ತುದಿಯ ರಬ್ಬರ್ ಬಿಲ್ಲೆ ಸವೆದಿದ್ದರೆ ಬದಲಿಸಿ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಮಡಿಸುವ ಕೋಲುಗಳು ಸಂದಿನಲ್ಲಿ ಅಲ್ಲಾಡುತ್ತವೆ, ನಾವು ಎರಡು ತರಿಸಿ ಎರಡನ್ನೂ ವಾಪಸ್ ಕಳಿಸಿದೆವು. ನಾಲ್ಕು ಕಾಲಿನ ಕೋಲು ಮನೆಯೊಳಗೆ ಚೆನ್ನ, ಚಪ್ಪಡಿ ಎದ್ದ ಫುಟ್‌ಪಾತಿನಲ್ಲಿ ಅದರ ಒಂದು ಕಾಲು ಯಾವಾಗಲೂ ಗಾಳಿಯಲ್ಲೇ. ಮಂಡಿಗೆ ಹಾಕುವ ಬಿಗಿ ಪಟ್ಟಿಯನ್ನು ನೆಚ್ಚಿಕೊಂಡು ಕುರ್ಚಿ ಅಭ್ಯಾಸ ಬಿಡಬೇಡಿ.

ಗೇಟಿನಿಂದ ಮೂಲೆಯ ಅಂಗಡಿಗೆ

ಎಲ್ಲರೂ ಸೋಲುವುದು ಇಲ್ಲೇ. ಗೇಟಿನಿಂದ ಅಂಗಡಿಗೆ ಇನ್ನೂರು ಹೆಜ್ಜೆಯೂ ಇರುವುದಿಲ್ಲ, ಆದರೆ ನಮಗೆ ಐದು ವಾರ ಹೋದದ್ದು ಈ ಇನ್ನೂರು ಹೆಜ್ಜೆಗೇ.

"ಬನ್ನಿ, ವಾಕಿಂಗ್ ಹೋಗೋಣ" ಎಂದು ಕರೆಯಬೇಡಿ. ನಾನು ಹಾಗೆ ಕರೆದಾಗಲೆಲ್ಲ ಅತ್ತೆ, "ಬೇಡಮ್ಮ, ನೀನು ಹೋಗಿ ಬಾ, ನನಗ್ಯಾಕೆ ಈಗ ಅದೆಲ್ಲ" ಎನ್ನುತ್ತಿದ್ದರು. ಒಂದು ದಿನ, "ಅತ್ತೆ, ಆ ಹೂವಿನವಳು ಮಾರು ಚಿಕ್ಕದಾಗಿ ಹಾಕ್ತಾಳೆ, ನನಗೆ ಚೌಕಾಸಿ ಬರಲ್ಲ, ನೀವೇ ಬಂದು ಹೇಳಿ" ಎಂದೆ. ತಕ್ಷಣ ಎದ್ದರು. ಮನೆಗೆ ಬೇಕಾದ ಒಂದು ನಿಜವಾದ ಕೆಲಸ, ಅವರೇ ಚೆನ್ನಾಗಿ ಮಾಡಬಲ್ಲ ಕೆಲಸ ಕೊಡಿ. ಸೊಪ್ಪು ಆರಿಸುವುದು, ನಂದಿನಿ ಬೂತಿನಿಂದ ಅರ್ಧ ಲೀಟರ್ ಹಾಲು ತರುವುದು, ಇಸ್ತ್ರಿಯವರಿಗೆ ಬಟ್ಟೆ ಕೊಡುವುದು, ಯಾವುದಾದರೂ ಆಗಬಹುದು.

ಹೊತ್ತು ಆರಿಸಿಕೊಳ್ಳಿ. ನಾನು ಹೇಳುವುದು ಬೆಳಿಗ್ಗೆ ಹತ್ತೂವರೆ. ಶಾಲೆಯ ವ್ಯಾನುಗಳು, ಆಫೀಸಿನ ಸ್ಕೂಟರುಗಳು ಹೋಗಿ ಆಗಿರುತ್ತವೆ, ಬೀದಿನಾಯಿಗಳು ನೆರಳಿನಲ್ಲಿ ಮಲಗಿರುತ್ತವೆ, ನೆಲದ ಗುಂಡಿ ಸ್ಪಷ್ಟವಾಗಿ ಕಾಣುತ್ತದೆ. ಮುಂಜಾನೆ ಐದೂವರೆ ಹಳೇ ವಾಕಿಂಗ್ ಗೆಳೆಯರ ಹೊತ್ತು, ಅದು ಆಮೇಲೆ. ಮಳೆ ಬಂದ ದಿನ ಬೇಡ.

ದೂರವನ್ನು ಲೈಟು ಕಂಬದಲ್ಲಿ ಎಣಿಸಿ. ನಮ್ಮ ಬೀದಿಯಲ್ಲಿ ಕಂಬದಿಂದ ಕಂಬಕ್ಕೆ ನನ್ನ 40 ಹೆಜ್ಜೆ. ಮೊದಲ ದಿನ ಗೇಟಿನಾಚೆ ಎರಡು ನಿಮಿಷ ನಿಂತು ಒಳಗೆ ಬನ್ನಿ, ಅಷ್ಟೇ. ಮೂರನೇ ದಿನ ಒಂದು ಕಂಬ. ಎರಡು ಮೂರು ದಿನಕ್ಕೊಮ್ಮೆ ಒಂದು ಕಂಬ ಹೆಚ್ಚಿಸಿ, ಸುಸ್ತು ಅಂದ ದಿನ ಎರಡು ಕಂಬ ಇಳಿಸಿ. ಹೋದಷ್ಟೇ ದೂರ ವಾಪಸು ನಡೆಯಬೇಕೆಂಬುದನ್ನು ಜನ ಮರೆಯುತ್ತಾರೆ. ಸುಸ್ತಾದ ಮೇಲೆ ತಿರುಗಿದರೆ ತಡವಾಯಿತು. "ಇನ್ನೂ ಒಂದು ಕಂಬ ಹೋಗಬಲ್ಲೆ" ಎನ್ನುವಾಗಲೇ ತಿರುಗಿಸಿ. ದಾರಿಯಲ್ಲಿ ಕೂರುವ ಜಾಗ ಮೊದಲೇ ಗೊತ್ತಿರಲಿ. ನಾನು ಮೂರನೇ ಕಂಬದ ಮನೆಯವರನ್ನು ಕೇಳಿದ್ದಕ್ಕೆ ಅವರು ಸಂತೋಷದಿಂದ ಜಗಲಿಯ ಮೇಲಿದ್ದ ಹೂಕುಂಡಗಳನ್ನು ಪಕ್ಕಕ್ಕೆ ಸರಿಸಿಕೊಟ್ಟರು.

ಹಿಡಿಯುವುದು ಹೇಗೆ? ಅವರ ರೆಟ್ಟೆ ಹಿಡಿದು ಎಳೆಯಬೇಡಿ, ಅದರಿಂದ ಅವರ ಸಮತೋಲ ತಪ್ಪುತ್ತದೆ. ನಿಮ್ಮ ಮೊಣಕೈ ಮಡಿಸಿ ಕೊಡಿ, ಅವರು ನಿಮ್ಮನ್ನು ಹಿಡಿದುಕೊಳ್ಳಲಿ. ಬಲ ಕಡಿಮೆ ಇರುವ ಪಕ್ಕದಲ್ಲಿ ನೀವಿರಿ. ಕೋಲಿದ್ದರೆ ಕೋಲಿಲ್ಲದ ಪಕ್ಕ ನಿಮ್ಮದು. ಅವರ ಹೆಜ್ಜೆಗೆ ನಿಮ್ಮ ಹೆಜ್ಜೆ ಹೊಂದಿಸಿ. ಮಾತಾಡಿಸಿದರೆ ನಿಂತು ಉತ್ತರ ಕೊಡುತ್ತಿದ್ದಾರೆಯೇ? ಹಾಗಾದರೆ ನಡೆಯುವುದಕ್ಕೇ ಅವರ ಪೂರ್ತಿ ಗಮನ ಬೇಕಾಗಿದೆ, ನಡೆಯುವಾಗ ಮಾತಾಡಿಸಬೇಡಿ. ನಿಮ್ಮ ಮೊಬೈಲ್ ಮನೆಯಲ್ಲಿರಲಿ ಅಥವಾ ಸೈಲೆಂಟ್ ಆಗಿರಲಿ.

ಈಗ ನಾನು ಮಾಡಿದ ತಪ್ಪು. ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ನಮ್ಮ ಬೀದಿಯ ತಿರುವಿನ ಮನೆಯವರೊಬ್ಬರು ತೀರಿಕೊಂಡರು. ಅತ್ತೆಗೆ ಮೂವತ್ತು ವರ್ಷಗಳಿಂದ ಸ್ನೇಹಿತೆ. ಆಗ ಅತ್ತೆಗೂ ಜ್ವರ, ಹೇಳುವುದು ಬೇಡ ಎಂದುಕೊಂಡೆವು. ಆಮೇಲೂ ಹೇಳಲಿಲ್ಲ. ನಾಲ್ಕನೇ ಕಂಬದವರೆಗೆ ಬಂದ ದಿನ ಅತ್ತೆ ಆ ಮನೆಯ ಮುಂದೆ ನಿಂತು ಹೆಸರು ಹಿಡಿದು ಕೂಗಿದರು. ಆ ಮನೆಯ ಸೊಸೆ ಹೊರಗೆ ಬಂದು ಬಾಗಿಲಲ್ಲೇ ಅತ್ತಳು. ಬಿಸಿಲಲ್ಲಿ, ರಸ್ತೆಯ ಮಧ್ಯೆ, ಹಿಡಿದುಕೊಳ್ಳಲು ಗೋಡೆಯೂ ಇಲ್ಲದ ಕಡೆ ಅತ್ತೆಗೆ ಆ ಸುದ್ದಿ ಗೊತ್ತಾಯಿತು. ಹನ್ನೊಂದು ದಿನ ಅವರು ಮತ್ತೆ ಗೇಟು ಮುಟ್ಟಲಿಲ್ಲ. ಆದ್ದರಿಂದ ದಯವಿಟ್ಟು, ಹೊರಡುವ ಮೊದಲು ಬೀದಿಯಲ್ಲಿ, ದೇವಸ್ಥಾನದಲ್ಲಿ, ಪಾರ್ಕಿನ ಬೆಂಚಿನಲ್ಲಿ ಯಾರು ಯಾರು ಇಲ್ಲ ಎಂಬುದನ್ನು ಮನೆಯೊಳಗೆ, ಪಕ್ಕದಲ್ಲಿ ಕೂತು ಹೇಳಿ. ಅಳಲು ಬಿಡಿ. ಆ ಮನೆಯವರನ್ನು ಮಾತಾಡಿಸಲು ಒಂದು ದಿನ ಬೇರೆಯಾಗಿ ಕರೆದುಕೊಂಡು ಹೋಗಿ. ಹನ್ನೆರಡನೇ ದಿನ ಅತ್ತೆ ಹೊರಟದ್ದು ಆ ಮನೆಗೇ, ಸಂಪಿಗೆ ಹೂ ಹಿಡಿದುಕೊಂಡು.

ಅಂಗಡಿಯಲ್ಲಿ ಅವರೇ ದುಡ್ಡು ಕೊಡಲಿ. ಆ ಎರಡು ವರ್ಷದಲ್ಲಿ ಸೊಪ್ಪಿನ ಗಾಡಿಗೂ ಕ್ಯೂಆರ್ ಕೋಡ್ ಬಂದಿದೆ. ನೀವು ಪಕ್ಕದಿಂದ ಫೋನ್ ತೋರಿಸಿ ಕೊಟ್ಟುಬಿಟ್ಟರೆ ಅವರು ಬಂದ ಕೆಲಸವನ್ನೇ ಕಿತ್ತುಕೊಂಡಂತೆ. ಹತ್ತು, ಇಪ್ಪತ್ತರ ನೋಟು ಅವರ ಪರ್ಸಿನಲ್ಲಿ ಹಾಕಿಡಿ. ಅವರು ಎಣಿಸಿ ಕೊಡುವವರೆಗೆ ಹಿಂದಿನವರು ಕಾಯಲಿ.

ರಸ್ತೆ ದಾಟುವುದು, ಬಸ್ಸು

ಇಷ್ಟು ಬಂದ ಮೇಲೆ ಉಳಿದದ್ದು ಸುಲಭ. ಹತ್ತು ಕಂಬ ಹೋಗಿ ಬರುವಷ್ಟಾದ ಮೇಲೆ ರಸ್ತೆ ದಾಟಿಸಿ. ಬಸ್ಸು ಅಭ್ಯಾಸಕ್ಕೆ ಮಧ್ಯಾಹ್ನ ಖಾಲಿ ಇರುವ ಹೊತ್ತು ಮೂರು ಸ್ಟಾಪು ಹೋಗಿ ಬನ್ನಿ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಮೆಟ್ಟಿಲಿಗೂ ಇದೇ ಲೆಕ್ಕ. ಕೂತ ಮೇಲೆ ಬಸ್ಸು ಹೊರಡಲಿ ಎಂದು ಕಂಡಕ್ಟರಿಗೆ ಮೊದಲೇ ಹೇಳಿ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಮದುವೆ ಛತ್ರದಲ್ಲಿ ಮಾಸ್ಕ್ ಇರಲಿ. 2022ರಲ್ಲಿ ಕೋವಿಡ್ ಲಸಿಕೆಯ ಎರಡನೇ ಡೋಸ್ ಆಗಿ 6 ತಿಂಗಳು ದಾಟಿದ್ದರೆ ಮುನ್ನೆಚ್ಚರಿಕೆಯ ಮೂರನೇ ಡೋಸ್ ಹಾಕುತ್ತಿದ್ದರು, 60 ದಾಟಿದವರಿಗೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿತ್ತು. ರೈಲಿನಲ್ಲಿ ದೂರ ಹೋಗುವವರು ಗಮನಿಸಿ: 2020ರ ಮಾರ್ಚ್ 20ರಂದು ನಿಲ್ಲಿಸಿದ ಹಿರಿಯರ ರಿಯಾಯಿತಿ ಇನ್ನೂ ವಾಪಸ್ ಬಂದಿಲ್ಲ, ಪೂರ್ತಿ ದರವೇ ಲೆಕ್ಕ ಹಾಕಿಕೊಳ್ಳಿ.

ನಡೆಯುವಾಗ ಎದೆ ಬಿಗಿದರೆ, ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು ಬಂದರೆ, ಒಂದೇ ಕಾಲು ಊದಿಕೊಂಡರೆ ಕಂಬದ ಲೆಕ್ಕವೆಲ್ಲ ಅಲ್ಲಿಗೆ ನಿಲ್ಲಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬಿದ್ದರೆ, ಪೆಟ್ಟಾಗಿಲ್ಲ ಎಂದರೂ, ಅವತ್ತೇ ವೈದ್ಯರಿಗೆ ತೋರಿಸಿ.

ಬೆಟ್ಟಕ್ಕೆ

ಮೈಸೂರಿನವರಿಗೆ ಈ ಮಾತು. ಆಷಾಢ ಶುಕ್ರವಾರ ಬೇಡವೇ ಬೇಡ, ದೇವಿಯ ಹುಟ್ಟುಹಬ್ಬವಾದ ವರ್ಧಂತಿಯ ದಿನವೂ ಬೇಡ. ಬಸ್ಸಿಳಿದ ಮೇಲೂ ಅಂಗಡಿಗಳ ಸಾಲು ದಾಟಿ ನಡೆಯಬೇಕು, ಆಮೇಲೆ ಸರದಿಯಲ್ಲಿ ನಿಲ್ಲಬೇಕು. ನಡೆಯುವುದಕ್ಕಿಂತ ನಿಲ್ಲುವುದೇ ಹಿರಿಯರಿಗೆ ಕಷ್ಟ. ಮನೆಯಲ್ಲಿ ಅಡುಗೆ ಕಟ್ಟೆ ಹಿಡಿದು 15 ನಿಮಿಷ ನಿಲ್ಲಬಲ್ಲರೇ ಎಂದು ನೋಡಿಕೊಂಡೇ ಹೊರಡಿ. ಅವರೆಕಾಳು ಬಿಡಿಸುತ್ತಾ, ತೆಂಗಿನಕಾಯಿ ತುರಿಯುತ್ತಾ ನಿಂತರೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ.

ಆ ಆಷಾಢದ ಹೊತ್ತಿಗೆ ಅತ್ತೆ ಕುರ್ಚಿಯಿಂದ 30 ಸೆಕೆಂಡಿಗೆ ಹನ್ನೊಂದು ಸಲ ಏಳುತ್ತಿದ್ದರು. ಹದಿನಾಲ್ಕು ಕಂಬ ಹೋಗಿ ಬರುತ್ತಿದ್ದರು. ಶ್ರಾವಣ ಕಳೆಯಲಿ, ಒಂದು ಬುಧವಾರ ಬೆಳಿಗ್ಗೆ 201ನೇ ನಂಬರ್ ಬಸ್ಸಿನಲ್ಲಿ ಹೋಗೋಣ ಎಂದೆ. "ಹೂವು ಮಾತ್ರ ಅಲ್ಲಿ ತಗೋಬೇಡ, ಇಲ್ಲಿಂದಲೇ ನಾನು ತರ್ತೀನಿ" ಎಂದರು.