ಫೋರ್ ವೀಲ್ ಡ್ರೈವ್‌ನಲ್ಲಿ ಸದ್ದು ಬರ್ತಿದೆಯಾ? ಮೂಲ ಹುಡುಕುವುದು ಹೀಗೆ

ಟ್ರಕ್ಕಿನ ಕೆಳಗಿಂದ ಹೊಸ ಸದ್ದು ಕೇಳಿಸಿದ ಕೂಡಲೇ ಬಹಳ ಜನ ನೇರವಾಗಿ ಸ್ಪ್ಯಾನರ್ ಹಿಡಿಯುತ್ತಾರೆ. ಅದು ಆಮೇಲಿನ ಕೆಲಸ. ಸದ್ದು ಚಾಸಿಯ ಕಬ್ಬಿಣದುದ್ದಕ್ಕೂ ಹರಿದು ಬರುವುದರಿಂದ ಹಿಂದಿನದ್ದು ಮುಂದಿನದ್ದೇ ಅನ್ನಿಸಿಬಿಡುತ್ತದೆ. ಹಾಗಾಗಿ ‘ಎಲ್ಲಿಂದ’ ಅನ್ನುವುದಕ್ಕಿಂತ ಮೊದಲು ‘ಯಾವಾಗ’ ಅನ್ನುವುದನ್ನು ಹಿಡಿಯಿರಿ. ಏನು ಮಾಡಿದರೆ ಬರುತ್ತದೆ, ಏನು ಮಾಡಿದರೆ ನಿಲ್ಲುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಇಲ್ಲಿ ಹೇಳುವುದು 2ಎಚ್ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ), 4ಎಚ್ (ನಾಲ್ಕಕ್ಕೂ), 4ಎಲ್ (ನಾಲ್ಕಕ್ಕೂ, ನಿಧಾನದ ಗೇರಿನಲ್ಲಿ) ಎಂದು ಲಿವರ್ ಅಥವಾ ಸ್ವಿಚ್ ಇರುವ ಪಾರ್ಟ್ ಟೈಮ್ ಗಾಡಿಗಳ ಬಗ್ಗೆ, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರ ಎಳೆಯುವಂಥವು.

ಮೊದಲು ಲಿವರ್

ಮಣ್ಣು ಅಥವಾ ಜಲ್ಲಿಯ ಖಾಲಿ ಜಾಗಕ್ಕೆ ಹೋಗಿ. ಒಂದೇ ವೇಗದಲ್ಲಿ, ಒಂದೇ ದಾರಿಯಲ್ಲಿ ಮೊದಲು 2ಎಚ್‌ನಲ್ಲಿ, ಆಮೇಲೆ 4ಎಚ್‌ನಲ್ಲಿ ಓಡಿಸಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇದು ಮುಖ್ಯ. ಎರಡರಲ್ಲೂ ಸದ್ದು ಬಂದರೆ ಟೈರ್, ವೀಲ್ ಬೇರಿಂಗ್, ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಆಕ್ಸೆಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ದಂಡ), ಹಿಂದಿನ ಡಿಫರೆನ್ಷಿಯಲ್ (ಆ ಶಕ್ತಿಯನ್ನು ಎಡ, ಬಲ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಕಡೆ ನೋಡಿ. 4ಎಚ್‌ನಲ್ಲಿ ಮಾತ್ರ ಬಂದರೆ ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಕಳಿಸುವ ಪೆಟ್ಟಿಗೆ), ಮುಂದಿನ ಶಾಫ್ಟ್, ಮುಂದಿನ ಡಿಫರೆನ್ಷಿಯಲ್, ಮುಂದಿನ ಆಕ್ಸೆಲ್‌ಗಳ ಮೇಲೆ ಅನುಮಾನ.

2ಎಚ್‌ನಲ್ಲಿ ಮುಂದಿನ ಚಕ್ರದ ಹತ್ತಿರ ಕರಕರ ಎಂದು ಹಲ್ಲು ಉಜ್ಜಿದಂಥ ಸದ್ದು, 4ಎಚ್ ಹಾಕಿದ ತಕ್ಷಣ ಮಾಯ. ಹೀಗೂ ಆಗುತ್ತದೆ. ಆಗ ಹಬ್ (ಮುಂದಿನ ಚಕ್ರವನ್ನು ಆಕ್ಸೆಲ್‌ಗೆ ಕೂಡಿಸುವ, ಬಿಡಿಸುವ ಭಾಗ) ಅರ್ಧ ಕೂಡಿಕೊಂಡು ನಿಂತಿರುವ ಸಾಧ್ಯತೆ ಜಾಸ್ತಿ. 2004ರ ನಂತರದ ಫೋರ್ಡ್ ಎಫ್-150ಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ತೊಂದರೆ. ಅದರಲ್ಲಿ 2ಎಚ್ ಇದ್ದಾಗ ಎಂಜಿನ್ನಿನ ವ್ಯಾಕ್ಯೂಮ್ (ಗಾಳಿ ಹೀರುವ ಎಳೆತ) ಹಬ್ಬನ್ನು ಬಿಡಿಸಿ ಹಿಡಿದಿರುತ್ತದೆ. ಪೈಪು ಸೀಳಿದರೆ ಅಥವಾ ಚೆಕ್ ವಾಲ್ವ್ (ಗಾಳಿಯನ್ನು ಒಂದೇ ಕಡೆಗೆ ಬಿಡುವ ಕವಾಟ) ಕೆಟ್ಟರೆ ಹಿಡಿತ ಸಡಿಲವಾಗಿ, ಸ್ಪ್ರಿಂಗ್ ಹಬ್ಬನ್ನು ತಳ್ಳಿ ಹಲ್ಲಿಗೆ ಹಲ್ಲು ತಾಗುತ್ತದೆ. ಏರು ಹತ್ತುವಾಗ ವ್ಯಾಕ್ಯೂಮ್ ಇಳಿಯುತ್ತದಲ್ವಾ, ಸದ್ದು ಆಗಲೇ ಹೆಚ್ಚು. ಇಂಥ ಕಡೆ ಮೊದಲು ನೋಡಬೇಕಾದ್ದು ಹಬ್ಬನ್ನಲ್ಲ, ಸಣ್ಣ ರಬ್ಬರ್ ಪೈಪನ್ನು.

ಡಾಂಬರು ರಸ್ತೆಯ ‘ದಡ್’

ಒಣ ಡಾಂಬರಿನ ಮೇಲೆ 4ಎಚ್ ಹಾಕಿ ತಿರುಗಿಸಿದರೆ ಸ್ಟೀರಿಂಗ್ ಬಿಗಿಯಾಗಿ, ಬ್ರೇಕ್ ಹಿಡಿದಂತಾಗಿ, ಕೆಳಗಿಂದ ದಡ್ ದಡ್ ಎನ್ನುತ್ತದೆ. ಇದು ಕೆಟ್ಟಿರುವ ಗುರುತಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಆದರೆ 4ಎಚ್‌ನಲ್ಲಿ ಎರಡೂ ಶಾಫ್ಟ್‌ಗಳನ್ನು ಒಟ್ಟಿಗೆ ಕಟ್ಟಿರುತ್ತದೆ, ಸಮನಾಗಿಯೇ ತಿರುಗಬೇಕು. ಮಣ್ಣಿನಲ್ಲಾದರೆ ಟೈರ್ ಜಾರಿ ಆ ವ್ಯತ್ಯಾಸ ಕಳೆದುಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲು ಬಿಡುವುದಿಲ್ಲ. ಬಿಗಿತ ಶಾಫ್ಟ್, ಗೇರ್‌ಗಳಲ್ಲಿ ತುಂಬುತ್ತಾ ಹೋಗಿ ಒಮ್ಮೆಲೇ ಬಿಡುತ್ತದೆ, ಅದೇ ಆ ‘ದಡ್’. ಲಿವರ್ ಸಿಕ್ಕಿಕೊಂಡರೆ ಜಗ್ಗಬೇಡಿ. ನೇರವಾಗಿ ಸ್ವಲ್ಪ ರಿವರ್ಸ್ ಹೋಗಿ, ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ.

ನೇರ ದಾರಿಯಲ್ಲೂ ಇದೇ ಬಿಗಿತ ಕಂಡರೆ ಟೈರ್ ಅಳೆಯಿರಿ. ಮುಂದೆ ಹೊಸದು, ಹಿಂದೆ ಸವೆದದ್ದು ಹಾಕಿದ್ದರೂ ಸಾಕು, ಸುತ್ತಳತೆ ಬೇರೆಯಾಗಿ ಹೀಗಾಗುತ್ತದೆ.

ಸದ್ದಿನ ಬಗೆ

ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಸಾಮಾನ್ಯವಾಗಿ 3ರಿಂದ 4 ಸುತ್ತು ತಿರುಗಿರುತ್ತದೆ. ಕಿಟಕಿ ಇಳಿಸಿ ನಿಧಾನವಾಗಿ ಹೋಗುತ್ತಾ ಕೇಳಿ. ಸದ್ದು ಚಕ್ರದ ಲಯಕ್ಕೆ ಬರುತ್ತಿದ್ದರೆ ಚಕ್ರದ ಕಡೆ, ಅದಕ್ಕಿಂತ ಚುರುಕಾಗಿದ್ದರೆ ಶಾಫ್ಟ್ ಕಡೆ ಹುಡುಕಿ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಅಂದರೆ ಹೊರಗಿನ ಸಿವಿ ಜಾಯಿಂಟ್, ಅಂದರೆ ಚಕ್ರ ತಿರುಗಿದಾಗಲೂ ಆಕ್ಸೆಲ್‌ನಿಂದ ಅದಕ್ಕೆ ಶಕ್ತಿ ಒಯ್ಯುವ ಕೀಲು. ರಬ್ಬರ್ ಬೂಟ್ ಹರಿದು ಚಕ್ರದ ಒಳಮೈಗೆ ಗ್ರೀಸ್ ಸಿಡಿದಿದ್ದರೆ ಬೇರೆ ಸಾಕ್ಷಿ ಬೇಡ. ಮುಂದಿನ ಗೇರಿನಿಂದ ರಿವರ್ಸ್‌ಗೆ ಹಾಕಿದಾಗ ಠಣ್ ಅಂದರೆ ಯುನಿವರ್ಸಲ್ ಜಾಯಿಂಟಿನ (ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲು) ಕ್ರಾಸ್ ಸವೆದಿರಬಹುದು, ಅಥವಾ ಶಾಫ್ಟ್ ಜಾರುವ ಕಡೆ ಗ್ರೀಸ್ ಒಣಗಿರಬಹುದು. ಕ್ರಾಸಿನ ಬೇರಿಂಗ್ ಕಪ್‌ಗಳ ಸುತ್ತ ಕೆಂಪು ತುಕ್ಕಿನ ಪುಡಿ ಇದೆಯಾ ನೋಡಿ.

ವೇಗದ ಜೊತೆ ಏರುವ ಗುಂಯ್ ಸದ್ದು ವೀಲ್ ಬೇರಿಂಗಿನದ್ದೋ ಟೈರಿನದ್ದೋ ಅಂತ ಗೊಂದಲವಾಗುತ್ತದೆ. ರಸ್ತೆಯ ಮೈ ಬದಲಾದಾಗ ಸದ್ದೂ ಬದಲಾದರೆ ಟೈರ್. ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದಾಗ ಜೋರಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ, ಭಾರ ಬಲಗಡೆಗೆ ಹೋಗಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕೂಗಿದರೆ ಡಿಫರೆನ್ಷಿಯಲ್‌ನ ಕ್ರೌನ್, ಪಿನಿಯನ್ ಗೇರ್‌ಗಳನ್ನು ನೋಡಿಸಿ.

4ಎಚ್‌ನಲ್ಲಿ ಜೋರಾಗಿ ಎಳೆಸಿದಾಗ ನಡುವಿನಿಂದ ಕಟಕಟ ಎಂದು ಹಾರಿದಂತಾದರೆ, ಟ್ರಾನ್ಸ್‌ಫರ್ ಕೇಸಿನ ಚೈನ್ ಉದ್ದವಾಗಿ ಹಲ್ಲು ಬಿಡುತ್ತಿರಬಹುದು. ಎಲ್ಲ ಕೇಸ್‌ಗಳಲ್ಲೂ ಚೈನ್ ಇರುವುದಿಲ್ಲ, ಕೆಲವಲ್ಲಿ ಬರೀ ಗೇರ್.

ಕೆಳಗೆ ಇಳಿಯುವ ಮುಂಚೆ

ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ಗೇರ್ ಪಾರ್ಕ್‌ನಲ್ಲಿದ್ದರೂ ಗಾಡಿ ಉರುಳುತ್ತದೆ. ದಯವಿಟ್ಟು ಇದನ್ನು ಮರೆಯಬೇಡಿ. ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡ ಕೊಡಿ, ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಿ. ಮುಂದಿನ ಚಕ್ರ ಮಾತ್ರ ಎತ್ತಿ ಎಂಜಿನ್ನಿನಿಂದ ತಿರುಗಿಸಿ ನೋಡುವ ಸಾಹಸ ಬೇಡವೇ ಬೇಡ. ನೆಲದ ಮೇಲಿರುವ ಹಿಂದಿನ ಚಕ್ರಗಳು ಗಾಡಿಯನ್ನು ಸ್ಟ್ಯಾಂಡಿನಿಂದ ತಳ್ಳಿಬಿಡುತ್ತವೆ.

ಇನ್ನು ಟ್ರಾನ್ಸ್‌ಫರ್ ಕೇಸ್, ಡಿಫರೆನ್ಷಿಯಲ್‌ಗಳ ಆಯಿಲ್. ಮೊದಲು ತುಂಬುವ ಪ್ಲಗ್ ಬಿಚ್ಚಿ, ಅದು ಬಿಚ್ಚಿತು ಅಂತ ಖಾತ್ರಿಯಾದ ಮೇಲೇ ಕೆಳಗಿನದ್ದು. ಇಲ್ಲದಿದ್ದರೆ ಆಯಿಲ್ ಖಾಲಿ ಮಾಡಿ, ತುಂಬಲಾಗದೆ ಕೂರಬೇಕಾಗುತ್ತದೆ. ಪ್ಲಗ್ಗಿನ ಅಯಸ್ಕಾಂತಕ್ಕೆ ಕಾಡಿಗೆಯಂಥ ನುಣುಪಾದ ಪೇಸ್ಟ್ ಅಂಟಿದ್ದರೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಒಳಗೆ ಏನೋ ಒಡೆಯುತ್ತಿದೆ. ಹಾಲು ಬೆರೆತ ಬಣ್ಣವಿದ್ದರೆ ನೀರು ಹೋಗಿದೆ. ಕೆಲವು ಟ್ರಾನ್ಸ್‌ಫರ್ ಕೇಸ್‌ಗೆ ಗೇರ್ ಆಯಿಲ್, ಇನ್ನು ಕೆಲವಕ್ಕೆ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್). ಗಾಡಿಯ ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿ, ತಪ್ಪು ಆಯಿಲ್ಲೇ ಸದ್ದಿಗೆ ಕಾರಣವಾಗಬಹುದು.

ಚೂರು ಕಂಡರೆ ಅಥವಾ ಚೈನ್ ಹಾರುತ್ತಿದ್ದರೆ ರಿಪೇರಿ ಆಗುವ ತನಕ ಫೋರ್ ವೀಲ್ ಹಾಕಬೇಡಿ. ಹಾರುವ ಚೈನ್ ಕೇಸಿನ ಗೋಡೆಯನ್ನೇ ಒಡೆಯಬಲ್ಲದು. ಮೆಕ್ಯಾನಿಕ್ ಹತ್ತಿರ ಹೋಗುವಾಗ ಯಾವ ಲಿವರ್ ಸ್ಥಾನ, ಎಷ್ಟು ವೇಗ, ನೇರವಾ ತಿರುವಾ, ಆಕ್ಸಿಲರೇಟರ್ ಒತ್ತಿದಾಗಲಾ ಬಿಟ್ಟಾಗಲಾ ಅಂತ ಬರೆದುಕೊಂಡು ಹೋಗಿ.